ಹಳೆ ಜೀಪಿನ ಮುಂದಿನ ಗಾಜು: ಮೀಟರ್ ರಬ್ಬರು, ಅಂಟು, ಅಚ್ಚಿನ ಬೀಡಿಂಗು

ನಮ್ಮ ಮನೆಯ ಜೀಪು 1988ರ ಮಹೀಂದ್ರ ಎಂಎಂ 540. ಅಡಿಕೆ ಮೂಟೆ ಹೇರಲೆಂದು ಅಪ್ಪಯ್ಯ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ ನಮ್ಮ ಊರು, ಕೊನೆಯ ಮೂರು ಕಿಲೋಮೀಟರ್ ಮಣ್ಣು ರಸ್ತೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ, ಸುಣ್ಣ, ಆಳುಗಳು ಎಲ್ಲ ಇದರಲ್ಲೇ ಬರಬೇಕು. ಇಂಥದೇ ಇನ್ನೊಂದು ಜೀಪು ಕಾರವಾರದ ಸದಾಶಿವಗಡದಲ್ಲಿ ಭಾವನ ಹತ್ತಿರ ಇದೆ. 2021ರ ಬೇಸಿಗೆಯಲ್ಲಿ ಎರಡೂ ಗಾಡಿಗಳ ಮುಂದಿನ ಗಾಜಿನ ರಬ್ಬರು ಒಣಗಿದ ಬಾಳೆಪಟ್ಟೆಯ ಹಾಗೆ ಬಿರಿದು ನಿಂತಿತ್ತು. ನಾನೊಂದು ದಾರಿ ಹಿಡಿದೆ, ಭಾವ ಇನ್ನೊಂದು. ನಾಲ್ಕು ಮಳೆಗಾಲ ಕಳೆದ ಮೇಲೆ ಎರಡನ್ನೂ ಎದುರುಬದುರು ಇಟ್ಟು ನೋಡಿ ಇದನ್ನು ಬರೆಯುತ್ತಿದ್ದೇನೆ.

ಈ ಜೀಪುಗಳ ಗಾಜು ಚಪ್ಪಟೆ. ಈಗಿನ ಕಾರುಗಳಲ್ಲಿ ಗಾಜನ್ನು ಬಾಡಿಗೇ ಅಂಟಿಸಿರುತ್ತಾರೆ, ಇದರಲ್ಲಿ ಹಾಗಿಲ್ಲ. ತಗಡಿನ ಫ್ರೇಮ್ ಇದೆ, ಅದರ ಒಳ ಅಂಚಿಗೆ ಎರಡು ಸೀಳಿರುವ ರಬ್ಬರ್ ಬೀಡಿಂಗ್ ಕೂರುತ್ತದೆ. ಒಂದು ಸೀಳಿನಲ್ಲಿ ಫ್ರೇಮಿನ ತಗಡು, ಇನ್ನೊಂದರಲ್ಲಿ ಗಾಜು. ಫ್ರೇಮ್ ಕೆಳಗಡೆ ಹಿಂಜಿನ ಮೇಲೆ ನಿಂತಿರುವುದರಿಂದ ಬೇಕೆಂದಾಗ ಬಾನೆಟ್ ಮೇಲೆ ಮಡಚಬಹುದು. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದರಲ್ಲ, ಆ ವಂಶದ ಗುಣ ಇದು. ಮಡಚುವ ಫ್ರೇಮ್ ಅಂದರೆ ಅಲುಗಾಡುವ ಫ್ರೇಮ್. ಗುಂಡಿಗೆ ಒಂದು ಚಕ್ರ ಇಳಿದರೆ ಫ್ರೇಮೂ ಚೂರು ತಿರುಚಿಕೊಳ್ಳುತ್ತದೆ. ಆ ಅಲುಗಾಟವನ್ನು ತಡೆದುಕೊಳ್ಳುವ ಕೆಲಸವೂ ರಬ್ಬರಿನದೇ.

ನಾನು ಮೊದಲು ಹಾಕಿಸಿದ್ದು ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಮಾಮೂಲಿ ರಬ್ಬರು. ಹಳೆ ಗಾಜು ಹಾಗೇ ಇತ್ತು, ಐದು ಮಿಲಿಮೀಟರ್ ದಪ್ಪದ ಟಫನ್ಡ್, ಅಂದರೆ ಕಾಯಿಸಿ ಗಟ್ಟಿಮಾಡಿದ ಗಾಜು. ಮೀಟರ್ ರಬ್ಬರಿನ ದೊಡ್ಡ ಅನುಕೂಲ ಅದು ಅಗ್ಗ, ಆ ದಿನವೇ ಸಿಗುತ್ತದೆ. ತೊಂದರೆ ಇರುವುದು ಮೂಲೆಯಲ್ಲಿ. ನೇರ ರಬ್ಬರನ್ನು ಮೂಲೆಯಲ್ಲಿ ಬಗ್ಗಿಸಿದಾಗ ಒಳಬದಿ ನೆರಿಗೆ ಕಟ್ಟುತ್ತದೆ, ಹೊರಬದಿಯ ತುಟಿ ಗಾಜಿನಿಂದ ಮೇಲೇಳುತ್ತದೆ. ಪೋಸ್ಟ್ ಕಾರ್ಡಿನ ಒಂದು ಪಟ್ಟಿ ಕತ್ತರಿಸಿ ತುಟಿಯ ಕೆಳಗೆ ತೂರಿಸಿ ನೋಡಿದೆ. ನೇರ ಭಾಗದಲ್ಲಿ ಬಿಗಿಯಾಗಿ ನಿಂತ ಪಟ್ಟಿ ನಾಲ್ಕೂ ಮೂಲೆಯಲ್ಲಿ ಸಲೀಸಾಗಿ ಒಳಗೆ ಹೋಯಿತು. ಪಟ್ಟಿ ಹೋದಲ್ಲಿ ನೀರು ಹೋಗದೆ ಇರುತ್ತದೆಯೆ?

ಆರಿದ್ರಾ ಮಳೆ ಹಿಡಿದ ವಾರ ದೇವಿಮನೆ ಘಟ್ಟ ಇಳಿಯುವಾಗ ಎಡ ಮೂಲೆಯಿಂದ ಹನಿ ಶುರುವಾಗಿ ಆಯಿಯ ಮಡಿಲು ಪೂರ್ತಿ ಒದ್ದೆಯಾಯಿತು. ಮನೆಗೆ ಬಂದವನೇ ಬಚ್ಚಲ ಟೈಲ್ಸಿಗೆ ತಂದಿಟ್ಟಿದ್ದ ಸಿಲಿಕಾನ್ ಟ್ಯೂಬನ್ನು ಗನ್ನಿಗೆ ಹಾಕಿ ಬೀಡಿಂಗಿನ ಸುತ್ತ ಹೊಡೆದೆ. ಈ ತಪ್ಪನ್ನು ಬೇರೆ ಯಾರೂ ಮಾಡಬಾರದೆಂದೇ ಬಿಡಿಸಿ ಹೇಳುತ್ತಿದ್ದೇನೆ. ಹಚ್ಚುವಾಗ ಹುಳಿ ವಿನೆಗರಿನ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಕಬ್ಬಿಣಕ್ಕೆ ಅದು ವಿಷ. ಮುಂದೆ ಲ್ಯಾಮಿನೇಟೆಡ್, ಅಂದರೆ ನಡುವೆ ಪ್ಲಾಸ್ಟಿಕ್ ಪದರ ಇರುವ ಜೋಡಿ ಗಾಜು ಹಾಕುವವರಿದ್ದರೆ ಆ ಪದರಕ್ಕೂ ಕೆಟ್ಟದ್ದು. ಸಾಲದ್ದಕ್ಕೆ ಒಳಗೆ ಸೇರಿದ ನೀರು ಹೊರಗೆ ಹೋಗುವ ದಾರಿಯನ್ನೂ ಅದು ಮುಚ್ಚಿತು. ಸೋರುವುದು ಒಂದು ತಿಂಗಳು ನಿಂತಿತು, ಆಶ್ಲೇಷ ಮಳೆಯ ಹೊತ್ತಿಗೆ ಮತ್ತೆ ಶುರು. ಸಿಲಿಕಾನ್ ಹಚ್ಚಲೇಬೇಕೆಂದಿದ್ದರೆ ವಾಸನೆ ಬಾರದ ನ್ಯೂಟ್ರಲ್ ಜಾತಿಯದನ್ನು ಕೇಳಿ ತನ್ನಿ.

ಮರುವರ್ಷ ಫೆಬ್ರವರಿಯಲ್ಲಿ ಕುಮಟಾ ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಟಿಪ್ಪರಿನ ಚಕ್ರದಿಂದ ಹಾರಿದ ಒಂದು ಜಲ್ಲಿ ಗಾಜಿಗೆ ಬಡಿಯಿತು. ಟಫನ್ಡ್ ಗಾಜಿನ ಸ್ವಭಾವ ಆಗ ಕಣ್ಣಾರೆ ಕಂಡೆ. ಬಿರುಕು ಬಿಡಲಿಲ್ಲ. ಇಡೀ ಗಾಜು ಒಂದೇ ಸಲಕ್ಕೆ ಹರಳು ಹರಳಾಗಿ ಬೆಳ್ಳಗಾಯಿತು, ಎದುರಿನ ರಸ್ತೆ ಕಾಣದೆ ಹೋಯಿತು, ಬ್ರೇಕ್ ಹಿಡಿಯುವಷ್ಟರಲ್ಲಿ ಅರ್ಧ ಗಾಜು ತೊಡೆಯ ಮೇಲಿತ್ತು. ಹರಳುಗಳು ಮೊಂಡು, ಆದ್ದರಿಂದ ದೊಡ್ಡ ಗಾಯವಾಗಲಿಲ್ಲ. ಆದರೆ ಆ ಎರಡು ಕ್ಷಣದ ಕುರುಡನ್ನು ನಾನು ಮರೆತಿಲ್ಲ. ಬಾಗಿಲಿಗೋ ಹಿಂದಿನ ಕಿಟಕಿಗೋ ಟಫನ್ಡ್ ಇರಲಿ, ಮುಂದಿನ ಗಾಜಿಗೆ ಲ್ಯಾಮಿನೇಟೆಡ್ ಬಿಟ್ಟು ಬೇರೆ ಮಾತೇ ಬೇಡ. ಎರಡು ಗಾಜಿನ ನಡುವೆ ಪಾಲಿವಿನೈಲ್ ಬ್ಯುಟೈರಲ್ ಎಂಬ ಪ್ಲಾಸ್ಟಿಕ್ ಪದರ ಇರುವುದರಿಂದ ಕಲ್ಲು ಬಿದ್ದರೆ ನಕ್ಷತ್ರದಂಥ ಬಿರುಕು ಬೀಳುತ್ತದೆ, ಗಾಜು ಜಾಗ ಬಿಡುವುದಿಲ್ಲ. ನಂತರದ ಕಾಲದ ವಾಹನಗಳಿಗೆ ಮುಂದಿನ ಗಾಜು ಲ್ಯಾಮಿನೇಟೆಡ್ ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ನಮ್ಮದು ಅದಕ್ಕಿಂತ ಹಳೆಯದು ಎಂದು ತಪ್ಪಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಅಳತೆ ಕೊಟ್ಟು ಮಾಡಿಸಿಯೇ ತರಬೇಕು. ಚಪ್ಪಟೆ ಲ್ಯಾಮಿನೇಟೆಡ್ ಗಾಜನ್ನು ಕೈ ಪಳಗಿದವರು ಎರಡೂ ಬದಿ ಗೀರಿ, ಮುರಿದು, ನಡುವಿನ ಪದರವನ್ನು ಬ್ಲೇಡಿನಿಂದ ಕುಯ್ದು ಕೊಡುತ್ತಾರೆ. ಇಲ್ಲೊಂದು ಎಚ್ಚರ ಬೇಕು. ಮನೆ ಕಿಟಕಿಗೆ ಬರುವ ಲ್ಯಾಮಿನೇಟೆಡ್ ಹಾಳೆಯಲ್ಲಿ ಸಾಮಾನ್ಯವಾಗಿ ನಡುವಿನ ಪದರ 0.38 ಮಿಲಿಮೀಟರ್, ವಾಹನದ ಮುಂದಿನ ಗಾಜಿನಲ್ಲಿ 0.76. ಭಾವ ಗೊತ್ತಿಲ್ಲದೆ ಮೊದಲನೆಯದನ್ನೇ ತಂದಿದ್ದ. ನಾನು ಹುಬ್ಬಳ್ಳಿಗೆ ಹೋಗಿ, ಸುರಕ್ಷಾ ಗಾಜಿನ ಭಾರತೀಯ ಮಾನಕವಾದ ಐಎಸ್ 2553ರ ಗುರುತು ಮೂಲೆಯಲ್ಲಿ ಉಳಿಯುವ ಹಾಗೆ ಕತ್ತರಿಸಿಕೊಂಡು ಬಂದೆ.

ಅಷ್ಟು ಮುತುವರ್ಜಿಯಿಂದ ತಂದ ಗಾಜು ಮೂರನೇ ವಾರಕ್ಕೆ ಕೆಳಗಿನ ಬಲ ಮೂಲೆಯಿಂದ ಓರೆಯಾಗಿ ಸೀಳಿತು. ಕಲ್ಲು ಬಿದ್ದಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಬಿರುಕಿನ ಬುಡಕ್ಕೆ ಬೆರಳಿಟ್ಟು, "ಹೆಗ್ಡೇರೇ, ಇದು ಗಾಜಿನ ತಪ್ಪಲ್ಲ. ಫ್ರೇಮ್ ಒಡೆಸಿದ್ದು" ಅಂದರು. ಫ್ರೇಮ್ ಕಳಚಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದರೆ ಒಂದು ಓರೆ ಇನ್ನೊಂದಕ್ಕಿಂತ ಒಂಬತ್ತು ಮಿಲಿಮೀಟರ್ ಉದ್ದ. ಬೀಡಿಂಗ್ ಕಿತ್ತಾಗ ಕೆಳ ಅಂಚಿನ ತಗಡು ತುಕ್ಕು ಹಿಡಿದು ಅವಲಕ್ಕಿಯ ಹಾಗೆ ಉದುರಿತು. ಹಿಂದೆಂದೋ ಯಾರೋ ಹಾಕಿದ್ದ ಪ್ಯಾಚಿನಿಂದ ಒಂದು ಕಡೆ ಅಂಚು ದುಪ್ಪಟ್ಟು ದಪ್ಪವಾಗಿ, ಅಲ್ಲಿ ರಬ್ಬರಿನ ಸೀಳು ಪೂರ್ತಿ ಕೂತೇ ಇರಲಿಲ್ಲ.

ಇನ್ನೊಂದು ವಿಷಯ ಗೊತ್ತಾದದ್ದು ಗಾಜು ಬಿಚ್ಚುವ ಮುಂಚೆ ಮಾಡಿದ ಪರೀಕ್ಷೆಯಿಂದ. ಸೀಮೆಸುಣ್ಣ ಅರೆದು, ಒಳಗಡೆ ಬೀಡಿಂಗಿನ ಸುತ್ತ ಮತ್ತು ಫ್ರೇಮಿನ ಮೇಲೆಲ್ಲ ಬಟ್ಟೆಯಿಂದ ತೆಳ್ಳಗೆ ಬಳಿದು, ಮಗಳ ಕೈಯಲ್ಲಿ ತೋಟದ ಪೈಪು ಕೊಟ್ಟು ಕೆಳಗಿನಿಂದ ಮೇಲಕ್ಕೆ ನಿಧಾನ ನೀರು ಬಿಡಿಸಿದೆ. ಗಾಜಿನ ಸುತ್ತ ನೀರು ಬಿದ್ದಷ್ಟು ಹೊತ್ತು ಬಲ ಮೂಲೆಯಲ್ಲಿ ಮಾತ್ರ ಪುಡಿ ನೆನೆಯಿತು, ಎಡ ಮೂಲೆ ಒಣಗಿಯೇ ಇತ್ತು. ಪೈಪು ಮೇಲಕ್ಕೆ, ಹುಡ್ಡಿನ, ಅಂದರೆ ಜೀಪಿನ ಮೇಲ್ಹೊದಿಕೆಯ ಪಟ್ಟಿ ಕೂರಿಸಿದ ಸ್ಕ್ರೂಗಳ ಹತ್ತಿರ ಹೋದ ಅರ್ಧ ನಿಮಿಷಕ್ಕೆ ಎಡಗಡೆ ಕೆಳಗಿನ ಬೆಸುಗೆಯಿಂದ ಬಿಳಿ ಪುಡಿಯಲ್ಲಿ ಒಂದು ಕಪ್ಪು ಗೆರೆ ಇಳಿಯಿತು. ಫ್ರೇಮ್ ಒಳಗೆ ಪೊಳ್ಳು. ಮೇಲಿನ ಸ್ಕ್ರೂ ತೂತಿನಿಂದ ಹೊಕ್ಕ ನೀರು ಒಳಗೊಳಗೇ ಇಳಿದು ಕೆಳಗೆ ಹೊರಬರುತ್ತಿತ್ತು. ಆಯಿಯ ಮಡಿಲಿಗೆ ಬಿದ್ದ ನೀರಿಗೂ ಆ ಮೂಲೆಯ ಬೀಡಿಂಗಿಗೂ ಸಂಬಂಧವೇ ಇರಲಿಲ್ಲ. ಒಂದೂವರೆ ವರ್ಷ ನಾನು ಸಿಲಿಕಾನ್ ಹಚ್ಚಿದ್ದು ಸೋರದ ಜಾಗಕ್ಕೆ.

ಭಾವನ ಕಥೆ ಬೇರೆ. ಅವನು ಬೀಡಿಂಗನ್ನೇ ಬಿಟ್ಟು, ಈಗಿನ ಕಾರುಗಳ ರೀತಿ ಪಾಲಿಯುರಿಥೇನ್ ಅಂಟಿನಿಂದ ಗಾಜನ್ನು ನೇರ ಫ್ರೇಮಿಗೆ ಕೂರಿಸಿದ. ನಿಜ ಹೇಳಬೇಕೆಂದರೆ ಮೊದಲ ಎರಡು ಮಳೆಗಾಲ ಅವನೇ ಗೆದ್ದ. ಈ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗುವಂಥದ್ದು, ಕಡಲ ಬದಿಯ ಹವೆಯಲ್ಲಿ ಬೇಗ ಹಿಡಿಯಿತು. ಕಾಳಿ ನದಿ ದಾಟಿ ಬರುವ ಗಾಳಿಮಳೆಗೆ ಒಂದು ಹನಿ ಒಳಗೆ ಬರಲಿಲ್ಲ, ಗಡಗಡ ಸದ್ದೂ ಕಡಿಮೆಯಾಯಿತು. ನಾನೂ ಹಾಗೇ ಮಾಡಿಸಬೇಕಿತ್ತು ಅನ್ನಿಸಿದ್ದುಂಟು.

ಮೂರನೇ ವರ್ಷ ಗಾಜಿನ ಅಂಚಿನಲ್ಲಿ ಅಂಟು ಪುಡಿಪುಡಿಯಾಗತೊಡಗಿತು. ಕಾರಿನ ಗಾಜಿಗೆ ಸುತ್ತಲೂ ಕಪ್ಪು ಪಟ್ಟಿ ಇರುತ್ತದಲ್ಲ, ಅದು ಚಂದಕ್ಕಷ್ಟೇ ಅಲ್ಲ, ಬಿಸಿಲಿನ ಅತಿನೇರಳೆ ಕಿರಣದಿಂದ ಅಂಟನ್ನು ಕಾಯುತ್ತದೆ. ಜೀಪಿನ ಬರಿಗಾಜಿಗೆ ಆ ರಕ್ಷಣೆ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ತಗಡಿಗೆ. ಉಪ್ಪುಗಾಳಿ ಅಂಟಿನ ಅಡಿಯಲ್ಲಿ ಬಣ್ಣ ಎಬ್ಬಿಸಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. 2024ರ ಜನವರಿಯಲ್ಲಿ ತಂತಿ ಎಳೆದು ಅಂಟು ಕೊಯ್ಯುವಾಗ ಗಾಜು ಒಡೆಯಿತು, ಬಿದ್ದ ಗಾಜಿನ ಅಂಚಿಗೆ ಫ್ರೇಮಿನ ತುಕ್ಕು ಹಾಳೆ ಹಾಳೆಯಾಗಿ ಅಂಟಿಕೊಂಡು ಬಂತು. ಹೊಸ ಫ್ರೇಮ್, ಹೊಸ ಪೇಂಟ್, ಪ್ರತಿದಿನ ಓಡದ ಗಾಡಿ, ಕಪ್ಪು ಪಟ್ಟಿ ಬಳಿದ ಗಾಜು ಇದ್ದರೆ ಅಂಟು ಆದೀತು. ತುಕ್ಕು ಹಿಡಿಯುವ ಸೀಮೆಯ ಹಳೆ ಜೀಪಿಗೆ ಗಾಜು ಸುಲಭವಾಗಿ ಬಿಚ್ಚಲು ಬರಬೇಕು. ಆ ಒಂದು ಕಾರಣಕ್ಕೆ ನನ್ನ ಮತ ಬೀಡಿಂಗಿಗೆ.

ನಾನು 2023ರ ಏಪ್ರಿಲ್‌ನಲ್ಲಿ ಹಾಕಿಸಿದ್ದು ಈ ಮಾದರಿಗೆಂದೇ ಅಚ್ಚಿನಲ್ಲಿ ಮೂಲೆ ಎರಕ ಹೊಯ್ದ, ಇಪಿಡಿಎಂ ಎಂಬ ಕೃತಕ ರಬ್ಬರಿನ ಬೀಡಿಂಗ್. ಬೆಲೆ ಮೀಟರ್ ರಬ್ಬರಿನ ಮೂರು ಪಟ್ಟು ಬಿತ್ತು, ಬರಲು ಎರಡು ವಾರ ಹಿಡಿಯಿತು. ಇಪಿಡಿಎಂ ಬಿಸಿಲಿಗೂ ಓಝೋನಿಗೂ ಜಗ್ಗುವುದಿಲ್ಲ, ಮಾಮೂಲಿ ರಬ್ಬರು ಬಿರಿಯುವುದೇ ಅವೆರಡರಿಂದ. ಎಣ್ಣೆ, ಗ್ರೀಸು, ಪೆಟ್ರೋಲು ಮಾತ್ರ ಇದಕ್ಕೆ ಆಗದು. ಜಾರಲಿ ಎಂದು ಗ್ರೀಸು ಬಳಿಯಲು ಹೊರಟ ಗ್ಯಾರೇಜಿನ ಹುಡುಗನನ್ನು ತಡೆದು ಸೋಪಿನ ನೀರು ಕೊಟ್ಟೆ.

ಮೊದಲು ಟಿಂಕರ್ ಕೆಲಸ. ಕೊಳೆತ ತಗಡು ಪೂರ್ತಿ ಕತ್ತರಿಸಿ, ಹೊಸ ಅಂಚನ್ನು ಹಳೆಯದರ ಮೇಲೆ ಹೇರದೆ ಅಂಚಿಗೆ ಅಂಚು ಕೂಡಿಸಿ ಬೆಸೆದು, ಅರದಿಂದ ಉಜ್ಜಿ ಒಂದೇ ದಪ್ಪಕ್ಕೆ ತಂದರು. ಓರೆ ಅಳತೆಯ ವ್ಯತ್ಯಾಸ ಎರಡು ಮಿಲಿಮೀಟರಿಗೆ ಇಳಿಯಿತು. ಪ್ರೈಮರ್, ಎರಡು ಕೋಟ್ ಬಣ್ಣ, ನಾಲ್ಕು ದಿನ ಒಣಗಲು ಬಿಟ್ಟೆವು. ಮೇಲಿನ ಸ್ಕ್ರೂಗಳಿಗೆ ರಬ್ಬರ್ ವಾಷರ್, ಫ್ರೇಮಿನ ತಳಕ್ಕೆ ನೀರು ಇಳಿದುಹೋಗಲು ಎರಡು ಸಣ್ಣ ತೂತು. ಹೊಸ ಗಾಜಿಗೆ ಮೊದಲು ಬೀಡಿಂಗ್ ತೊಡಿಸಿ, ಹೊರಗಿನ ಸೀಳಿನ ಸುತ್ತ ನೈಲಾನ್ ದಾರ ಕೂರಿಸಿ, ದಾರದ ಎರಡೂ ತುದಿ ಕೆಳಗೆ ನಡುವಿನಿಂದ ಒಳಗೆ ಬಿಟ್ಟೆವು. ಹೊರಗಿನಿಂದ ಮೇಸ್ತ್ರಿ ಅಂಗೈಯಲ್ಲಿ ಗಾಜು ಒತ್ತುತ್ತ ಹೋದರು, ಒಳಗಿನಿಂದ ನಾನು ದಾರ ಎಳೆಯುತ್ತ ಬಂದೆ. ದಾರ ಬಂದ ಹಾಗೆ ರಬ್ಬರಿನ ತುಟಿ ಪಟಪಟನೆ ತಗಡಿನ ಅಂಚಿನ ಮೇಲೆ ಹೊರಳಿ ಕೂತಿತು. ಮೀಟರ್ ರಬ್ಬರು ಕೂರಿಸಲು ಅರ್ಧ ದಿನ ಗುದ್ದಾಡಿದ್ದೆವು, ಇದು ಇಪ್ಪತ್ತು ನಿಮಿಷ. ಸಿಲಿಕಾನ್ ಒಂದು ಹನಿ ಹಾಕಲಿಲ್ಲ.

ಫ್ರೇಮಿಗೂ ಬಾಡಿಗೂ ನಡುವಿನ ತಳದ ರಬ್ಬರಿಗೆ ಸ್ಪಂಜು ಪಟ್ಟಿ ಅಂಟಿಸುವವರಿದ್ದಾರೆ. ಬೇಡ, ನೀರು ಕುಡಿದು ಕೂರುತ್ತದೆ. ಒಳಗೆ ಪೊಳ್ಳಿರುವ ಇಪಿಡಿಎಂ ಪಟ್ಟಿ ಸಾಕು.

ಎರಡು ಮಳೆಗಾಲ ದಾಟಿದೆ. ಕೆಳ ಎಡ ಮೂಲೆಯಲ್ಲಿ ಲ್ಯಾಮಿನೇಟೆಡ್ ಗಾಜಿನ ಅಂಚು ಉಗುರಿನಷ್ಟು ಅಗಲ ಮಂಜಾಗಿದೆ, ಪದರದೊಳಗೆ ತೇವ ಸೇರಿದ ಲಕ್ಷಣ ಅದು. ಹುಬ್ಬಳ್ಳಿಯಲ್ಲಿ ಕತ್ತರಿಸಿದ ಅಂಚನ್ನು ಅಲ್ಲೊಂದು ಕಡೆ ಸರಿಯಾಗಿ ಅರೆದಿರಲಿಲ್ಲ, ನಾನೂ ಗಮನಿಸದೆ ಬಿಟ್ಟಿದ್ದೆ. ಪೆನ್ನಿನಲ್ಲಿ ಗೆರೆ ಹಾಕಿ ತಾರೀಕು ಬರೆದಿಟ್ಟಿದ್ದೇನೆ. ಭಾವ ಹೊಸ ಫ್ರೇಮ್ ತರಿಸಿದ್ದಾನೆ, ಬೀಡಿಂಗ್ ಶಿರಸಿಗೆ ಬಂದು ಕೂತಿದೆ. ಹೋಗುವಾಗ ನೈಲಾನ್ ದಾರವನ್ನೂ ಸೋಪನ್ನೂ ಇಲ್ಲಿಂದಲೇ ಒಯ್ಯುತ್ತೇನೆ.