ಬೋಟಿನಲ್ಲಿ ಬೆನ್ನು ಮುರಿದಾಗ: ಸಿವಿಲ್ ದಾವೆಯೋ, ಜನತಾ ನ್ಯಾಯಾಲಯವೋ, ಗ್ರಾಹಕರ ಆಯೋಗವೋ?

ಮೊದಲೇ ಹೇಳಿಬಿಡುತ್ತೇನೆ. ಮೂರು ಬಾಗಿಲು ತಟ್ಟಿದ ಮೇಲೆ ನಮ್ಮ ಕೈಹಿಡಿದದ್ದು ಜಿಲ್ಲಾ ಗ್ರಾಹಕರ ಆಯೋಗ. ಇನ್ನೊಮ್ಮೆ ಇಂಥ ಗತಿ ಬಂದರೂ (ಬಾರದಿರಲಿ) ಮೊದಲು ಅಲ್ಲಿಗೇ ಹೋಗುತ್ತೇನೆ.

2023ರ ದೀಪಾವಳಿ ರಜೆಯಲ್ಲಿ ಸಾಗರದಿಂದ ಮನೆಮಂದಿಯೆಲ್ಲ ಕರಾವಳಿಗೆ ಹೋಗಿದ್ದೆವು. ತಲೆಗೆ 300 ರೂಪಾಯಿ ಕೊಟ್ಟು ಸ್ಪೀಡ್ ಬೋಟ್ ಹತ್ತಿದೆವು. ನನ್ನ ಹೆಂಡತಿ ಮುಂದಿನ ಹಲಗೆಯ ಮೇಲೆ ಕುಳಿತಿದ್ದಳು. ಅಲೆಯೊಂದರ ನೆತ್ತಿ ಹತ್ತಿದ ಬೋಟು ಒಂದು ಕ್ಷಣ ಗಾಳಿಯಲ್ಲಿ ನಿಂತು ನೀರಿಗೆ ಅಪ್ಪಳಿಸಿತು. ಅವಳು ಕುಳಿತಲ್ಲಿಂದ ಎಗರಿ ಅದೇ ಹಲಗೆಯ ಮೇಲೆ ಬಂದು ಬಿದ್ದಳು. ಬೋಟು ಮಗುಚಲಿಲ್ಲ, ಯಾರೂ ನೀರಿಗೆ ಬೀಳಲಿಲ್ಲ. ದಡ ಮುಟ್ಟಿದಾಗ ಮಾತ್ರ ಅವಳು, "ರೀ, ಏಳಲು ಆಗುತ್ತಿಲ್ಲ" ಎಂದಳು. ಬೆನ್ನುಮೂಳೆಯ ಎಲ್1 ಮಣಿ (ಸೊಂಟದ ಭಾಗದ ಮೊದಲ ಮಣಿ) ಜಜ್ಜಿಹೋಗಿತ್ತು. ವೇಗದ ಬೋಟಿನಲ್ಲಿ ಮುಂದೆ ಕುಳಿತವರಿಗೆ ಹೀಗೆ ಪೆಟ್ಟಾಗುವುದು ಹೊಸದಲ್ಲ ಎಂದು ಮೂಳೆ ವೈದ್ಯರು ಹೇಳಿದರು. ಬೋಟಿನವರಿಗೂ ಅದು ಗೊತ್ತಿರಲೇಬೇಕು. ಆದರೂ ಮುಂದೆ ಕುಳಿತವಳಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲಿಲ್ಲ.

ಊರಿಗೆ ಬಂದಾಗ ನೋಡಲು ಬಂದವರೆಲ್ಲ ಹೇಳಿದ್ದು ಒಂದೇ, "ಎಂಎಸಿಟಿಗೆ ಹಾಕಿ, ವಿಮೆಯವರು ಕೊಡುತ್ತಾರೆ." ಎಂಎಸಿಟಿ ಎಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಬೈಕಿನಿಂದ ಬಿದ್ದವರಿಗೆ ಅದು ಸರಿಯಾದ ದಾರಿ. ಆದರೆ ಮೋಟಾರು ವಾಹನ ಕಾಯ್ದೆ ಇರುವುದು ರಸ್ತೆಯಲ್ಲಿ ಓಡಲು ತಕ್ಕ ವಾಹನಗಳಿಗೆ. ಕಡಲಿನ ಬೋಟು ಅದರೊಳಗೆ ಬರುವುದಿಲ್ಲ. ಆ ಆಸೆ ಅಲ್ಲಿಗೆ ಮುಗಿಯಿತು.

ಮೊದಲು ನೋಡಿದ್ದು ಸಿವಿಲ್ ದಾವೆ. ಕರಾವಳಿಯ ಹಿರಿಯ ವಕೀಲರೊಬ್ಬರು ಕಾಗದಗಳನ್ನೆಲ್ಲ ತಾಳ್ಮೆಯಿಂದ ಓದಿ, ನಿರ್ಲಕ್ಷ್ಯವನ್ನು ಸಾಬೀತುಪಡಿಸಬಹುದು ಎಂದರು. ಫೀಸು 40,000 ರೂಪಾಯಿ. ಅದರ ಮೇಲೆ ಎಷ್ಟು ಪರಿಹಾರ ಕೇಳುತ್ತೇವೋ ಅದಕ್ಕೆ ತಕ್ಕಂತೆ ನ್ಯಾಯಾಲಯದ ಶುಲ್ಕ. ಸಾಕ್ಷಿ ಹೇಳಲು ಹೆಂಡತಿಯೇ ಘಟ್ಟ ಇಳಿಯಬೇಕು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮನೆಯ ಮೆಟ್ಟಿಲು ಇಳಿಯುವುದೇ ಆಗದವಳನ್ನು ಆ ತಿರುವುಗಳಲ್ಲಿ ಕರೆದೊಯ್ಯುವುದು ಹೇಗೆ? ಅದೇ ಹೊತ್ತಿಗೆ ಒಬ್ಬ ಮಧ್ಯವರ್ತಿ ಬಂದು, ಈಗ ಏನೂ ಕೊಡಬೇಡಿ, ಗೆದ್ದ ಮೇಲೆ ವಕೀಲರಿಗೆ ನೂರಕ್ಕೆ 30 ಕೊಟ್ಟರೆ ಸಾಕು ಎಂದ. ಗೆದ್ದ ಹಣದಲ್ಲಿ ಪಾಲು ಗೊತ್ತುಮಾಡಿಕೊಂಡು ವಕಾಲತ್ತು ವಹಿಸುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಯಾರಾದರೂ ಹೀಗೆ ಕೇಳಿದರೆ ಕಾಗದಗಳ ಮೂಲಪ್ರತಿಯನ್ನು ಅವರ ಕೈಗೆ ಕೊಡಬೇಡಿ.

ಎರಡನೆಯದು ಕಾನೂನು ಸೇವೆಗಳ ಪ್ರಾಧಿಕಾರ. ಇದರ ಬಗ್ಗೆ ನನಗೆ ಗೌರವವಿದೆ. ಉಚಿತ ಕಾನೂನು ನೆರವು ಬಡವರಿಗೆ ಮಾತ್ರ ಎಂದು ತಿಳಿದಿದ್ದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಆ ಹಕ್ಕು ಇದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ಅಲ್ಲಿದ್ದ ವಕೀಲೆ, "ನೀವು ನಿಲ್ಲಬೇಡಿ ಅಮ್ಮಾ, ಕುಳಿತೇ ಹೇಳಿ" ಎಂದು ಕುರ್ಚಿ ಎಳೆದುಕೊಟ್ಟರು. ಖಾಯಂ ಜನತಾ ನ್ಯಾಯಾಲಯದ ವಿಷಯ ತಿಳಿದದ್ದು ಅವರಿಂದಲೇ. ಅಲ್ಲಿ ಶುಲ್ಕವಿಲ್ಲ. 1 ಕೋಟಿ ರೂಪಾಯಿವರೆಗಿನ ವ್ಯಾಜ್ಯ ಹಾಕಬಹುದು. ರಾಜಿ ಆಗದಿದ್ದರೆ ಅವರೇ ತೀರ್ಪನ್ನೂ ಕೊಡಬಹುದು. ಆದರೆ ಅದು ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮೀಸಲು, ಜಲಮಾರ್ಗದ ಪ್ರಯಾಣಿಕರ ಸಾಗಣೆ ಆ ಪಟ್ಟಿಯಲ್ಲಿದೆ. ನಮ್ಮದು ಸಾಗಣೆಯೇ? ಹತ್ತಿದ ಜಾಗಕ್ಕೇ ತಂದು ಇಳಿಸುವ ವಿಹಾರವಲ್ಲವೇ? ಎದುರಿನವರು ಇದನ್ನೇ ಹಿಡಿದು ಎಳೆದಾಡಬಹುದು ಎಂದು ಆಕೆ ಎಚ್ಚರಿಸಿದರು. ಅಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವ್ಯಾಜ್ಯವನ್ನು ಬೇರೆ ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ, ಅಲ್ಲಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಹಾಗಾಗಿ ಅರ್ಜಿ ಹಾಕಲಿಲ್ಲ. ಸಿಗಂದೂರಿಗೆ ಸೇತುವೆ ಆಗುವ ಮೊದಲು ನಾವೆಲ್ಲ ಲಾಂಚ್‌ನಲ್ಲಿ ಶರಾವತಿ ದಾಟುತ್ತಿದ್ದೆವಲ್ಲ, ಅಂಥ ದಡದಿಂದ ದಡಕ್ಕೆ ಸಾಗುವ ಪಯಣದಲ್ಲಿ ಪೆಟ್ಟಾದವರಿಗೆ ಮಾತ್ರ ಇದನ್ನೇ ಮೊದಲು ವಿಚಾರಿಸಿ ಎನ್ನುತ್ತೇನೆ.

ಇನ್ನು ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನನಗೆ ಈ ಒಂದು ಮಾತೇ ಸಾಕಾಯಿತು. ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋದರೆ ಸಂಜೆಯೊಳಗೆ ಬಂದು ನನ್ನ ಅಂಗಡಿಯ ಬಾಗಿಲು ತೆಗೆಯಬಹುದು. ಶುಲ್ಕ ಲೆಕ್ಕ ಹಾಕುವುದು ಕೇಳುವ ಪರಿಹಾರದ ಮೇಲಲ್ಲ, ಸೇವೆಗೆ ಕೊಟ್ಟ ಹಣದ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ನಾವು ಕೊಟ್ಟದ್ದು ತಲೆಗೆ 300. ವಕೀಲರೂ ಕಡ್ಡಾಯವಲ್ಲ. ದೂರಿನ ಕರಡು ಬರೆಸಲು ಮಾತ್ರ 8,000 ಕೊಟ್ಟೆ.

ಆದರೆ ದೂರು ಯಾರ ಮೇಲೆ? ಆರು ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಈ ಪ್ರಶ್ನೆ.

ನಮ್ಮ ಕೈಯಲ್ಲಿದ್ದ ಟಿಕೆಟ್ ಎರಡು ಬೆರಳಗಲದ ಹಳದಿ ಚೀಟಿ. "ಜಲಕ್ರೀಡೆ, ಒಬ್ಬರಿಗೆ, 300" ಎಂದಷ್ಟೇ ಅಚ್ಚಾಗಿತ್ತು. ಮಾಲೀಕನ ಹೆಸರಿಲ್ಲ, ವಿಳಾಸವಿಲ್ಲ. ರಬ್ಬರ್ ಮೊಹರಿನಲ್ಲಿದ್ದ ಮೊಬೈಲ್ ಸಂಖ್ಯೆಗೆ ಒಮ್ಮೆ ಮಾತನಾಡಿದವರು ಎರಡನೆಯ ಸಲ ಕರೆಯನ್ನೇ ಎತ್ತಲಿಲ್ಲ. ಯುಪಿಐಯಲ್ಲಿ ಹಣ ಹೋದದ್ದು ಯಾವುದೋ ವ್ಯಕ್ತಿಯ ಖಾತೆಗೆ, ಹೆಸರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಟಿಕೆಟ್ ಕೊಟ್ಟ ಗೂಡಿನ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳಿಸಿದ ನೋಟಿಸು "ಈ ವಿಳಾಸದಲ್ಲಿ ಇಲ್ಲ" ಎಂಬ ಷರಾ ಹೊತ್ತು ಮರಳಿತು. ಮಳೆಗಾಲ ಹತ್ತಿರ ಬಂದಾಗ ಆ ಗೂಡನ್ನೂ ಕಿತ್ತುಹಾಕಿದರು.

ಮಾಹಿತಿ ಹಕ್ಕಿನಲ್ಲಿ ಕೇಳಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಪರವಾನಗಿ ಯಾರಿಗೆ, ಬೋಟು ಯಾರದು, ವಿಮೆ ಇದೆಯೇ ಎಂದು ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಅರ್ಜಿ ವಾಪಸು ಬಂತು. ಮೂರು ಅರ್ಜಿಗಳಾಗಿ ಒಡೆದು ಮತ್ತೆ ಕಳಿಸಿ ಉತ್ತರಕ್ಕೆ ಕಾದೆ. ಬೋಟಿನ ಸಂಖ್ಯೆಯನ್ನೂ ಕೊಡಬೇಕಿತ್ತು. ಅದು ಸಿಕ್ಕಿದ್ದು ಮಗಳು ಅಂದು ತೆಗೆದುಕೊಂಡ ಸೆಲ್ಫಿಯಲ್ಲಿ. ಅವಳ ಕಿವಿಯ ಹಿಂದೆ, ಬೋಟಿನ ಬದಿಯಲ್ಲಿ ಬಣ್ಣದಲ್ಲಿ ಬರೆದ ಅಕ್ಷರಗಳು. ಕೊನೆಯ ಅಂಕಿ ತೂಗುಬಿಟ್ಟ ಟೈರಿನ ಹಿಂದೆ ಮುಚ್ಚಿಹೋಗಿತ್ತು. ಪೊಲೀಸರ ಮಹಜರಿನಲ್ಲಿ ಆ ಅಂಕಿಯೂ ಸಿಕ್ಕಿತು. ಎಫ್‌ಐಆರ್ ಮಾಡಿಸಿದ್ದಕ್ಕೆ ಆದ ದೊಡ್ಡ ಪ್ರಯೋಜನ ಇದು.

ಉತ್ತರಗಳು ಬಂದಾಗ ತಿಳಿಯಿತು, ಗುತ್ತಿಗೆ ಹಿಡಿದವರು ಒಬ್ಬರು, ಬೋಟಿನ ಒಡೆಯ ಇನ್ನೊಬ್ಬ, ಹಣ ಪಡೆದು ಓಡಿಸುತ್ತಿದ್ದವನು ಒಳಗುತ್ತಿಗೆಯ ಮೂರನೆಯವನು. ಮೂವರನ್ನೂ ಎದುರುದಾರರನ್ನಾಗಿ ಮಾಡಿ 2024ರ ಆಗಸ್ಟ್‌ನಲ್ಲಿ ದೂರು ಸಲ್ಲಿಸಿದೆವು. ಕಾಲಮಿತಿ ಎರಡು ವರ್ಷ. ಇದೇ ಗೊಂದಲದಲ್ಲಿ ಇನ್ನಷ್ಟು ತಿಂಗಳು ಕಳೆದಿದ್ದರೆ ಅದೂ ತಪ್ಪಿಹೋಗುತ್ತಿತ್ತು.

ವಿಚಾರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. "ಸ್ವಂತ ಜವಾಬ್ದಾರಿ" ಎಂದು ರಿಜಿಸ್ಟರಿನಲ್ಲಿ ನಾವು ಸಹಿ ಹಾಕಿದ್ದನ್ನು ಅವರು ತೋರಿಸಿದರು. ಆಯೋಗ ವಿಮೆಯ ಕಾಗದ ಕೇಳಿತು, ಅವರ ಬಳಿ ಇರಲಿಲ್ಲ. ಮೊದಲ ಆಸ್ಪತ್ರೆಯ ದಾಖಲೆಯಲ್ಲಿ "ಬೋಟಿನಲ್ಲಿ ಆದ ಪೆಟ್ಟು" ಎಂದು ವೈದ್ಯರು ಬರೆದಿದ್ದುದು ನಮ್ಮನ್ನು ಕಾಪಾಡಿತು. ಇಂಥ ದೂರನ್ನು ಮೂರು ತಿಂಗಳಲ್ಲಿ ಇತ್ಯರ್ಥ ಮಾಡಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ನಮಗೆ 15 ತಿಂಗಳು ಹಿಡಿಯಿತು. ಚಿಕಿತ್ಸೆಯ 1,86,000 ಮತ್ತು ನೋವಿಗೆ 1,50,000 ಕೊಡಲು ಆದೇಶವಾಯಿತು. ಮೇಲ್ಮನವಿಗೆ ಹೋಗಬೇಕಾದರೆ ಅರ್ಧ ಹಣ ಠೇವಣಿ ಇಡಬೇಕು, ಆದೇಶ ಮೀರಿದರೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆಯಾಗಬಹುದು. ಅವರು ಮೇಲ್ಮನವಿಗೆ ಹೋಗಲಿಲ್ಲ.

ಅಂಗಡಿ ನಂಬಿದ, ಚೀಟಿಯನ್ನೂ ಎಸೆಯದ ಅಭ್ಯಾಸದ ನನ್ನಂಥವನಿಗೆ ಇದು ಸರಿಹೊಂದಿತು. ಆದರೆ ದುಡಿಯುವ ಶಕ್ತಿಯೇ ಹೋಗಿ, ಜೀವನಪೂರ್ತಿಯ ಆದಾಯದ ನಷ್ಟವನ್ನು ಸಾಕ್ಷಿಗಳಿಂದ ತೋರಿಸಬೇಕಾದವರು ಖರ್ಚಾದರೂ ಸಿವಿಲ್ ವಕೀಲರನ್ನು ಕಾಣಲಿ. ಮೀನುಗಾರಿಕೆ ಬೋಟಿನಲ್ಲಿ ಕೂಲಿಗೆ ಹೋಗಿ ಗಾಯಗೊಂಡವರ ದಾರಿ ಬೇರೆ, ಅವರು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿರುವ ನೌಕರರ ಪರಿಹಾರವನ್ನು ವಿಚಾರಿಸಬೇಕು (2025ರ ನವೆಂಬರ್‌ವರೆಗೆ ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು).

ಹಣದ ಮೊದಲ ಕಂತು ಬಂದ ದಿನ ಹೆಂಡತಿ ಸೊಂಟದ ಪಟ್ಟಿಯಿಲ್ಲದೆ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಅರ್ಧ ಗಂಟೆ ಕುಳಿತಳು. ಆ ಹಳದಿ ಚೀಟಿ ಈಗಲೂ ಅದೇ ಪೆಟ್ಟಿಗೆಯಲ್ಲಿದೆ.