ಅಂಕಪಟ್ಟಿ ಇಲ್ಲದ ಶಾಲೆ: ಸೀಲೋದ ಆರ್ಥರ್ ಮಾರ್ಗನ್ ಸ್ಕೂಲ್

ಅಮೆರಿಕದ ನಾರ್ತ್ ಕ್ಯಾರೊಲಿನಾ ಬೆಟ್ಟಸಾಲಿನ ಸೀಲೋದಲ್ಲಿ 1962ರಲ್ಲಿ ಶುರುವಾದ, ಕ್ವೇಕರ್ (ಶಾಂತಿವಾದಿ ಕ್ರೈಸ್ತ ಪಂಥ) ಮತ್ತು ಗಾಂಧಿ ವಿಚಾರಗಳ ಪ್ರಭಾವವಿರುವ ಪುಟ್ಟ ಶಾಲೆ ಇದು. (ಹೆಸರಿನ ಆರ್ಥರ್ ಮಾರ್ಗನ್ ನಮ್ಮ ವಿಶ್ವವಿದ್ಯಾಲಯ ಶಿಕ್ಷಣ ಕುರಿತ ರಾಧಾಕೃಷ್ಣನ್ ಆಯೋಗದ ಸದಸ್ಯರೂ ಆಗಿದ್ದವರು.) ಇರುವುದು 7ರಿಂದ 9ನೇ ತರಗತಿ ಮಾತ್ರ. ಅಂಕ ಹುಡುಕುವ ಅಪ್ಪ ಅಮ್ಮಂದಿರ ಕೈಗೆ ಸಿಗುವುದು ಶಿಕ್ಷಕರ ಲಿಖಿತ ವರದಿ. ಅದಕ್ಕಿಂತ ಮಕ್ಕಳ ಕೈ ನೋಡುವುದು ಮೇಲು: ಸೌದೆ ಒಡೆದಿರುತ್ತಾರೆ, ಅಡುಗೆಮನೆ ನಿಭಾಯಿಸಿರುತ್ತಾರೆ, 18 ದಿನಗಳ ಪ್ರವಾಸ ಮುಗಿಸಿರುತ್ತಾರೆ. ಸಭೆಯಲ್ಲಿ ಮತ ಎಣಿಸುವುದಿಲ್ಲ, ಒಮ್ಮತ ಮೂಡುವವರೆಗೆ ಚರ್ಚೆ. ತಡವಾಗುತ್ತದೆ, ನಿಜ, ಆದರೆ 13ರ ಹುಡುಗರು ಕೂಗಾಡದೆ 'ಒಪ್ಪಲಾರೆ' ಅನ್ನಲು ಕಲಿಯುವುದು ಅಲ್ಲೇ.

ಒಂದು ಎಚ್ಚರಿಕೆ: 10ನೇ ತರಗತಿಗೆ ಬೇರೆ ಶಾಲೆ ಬೇಕು. ಅಂಕವಿಲ್ಲದ ದಾಖಲೆ ಅಲ್ಲಿ ನಡೆಯುತ್ತದೆಯೇ ಎಂದು 9ನೇ ತರಗತಿಯ ಆರಂಭದಲ್ಲೇ ವಿಚಾರಿಸಿಕೊಳ್ಳಿ.