ಗುಳಗಿ ಅದೇ, ಆದ್ರ ಸ್ಟ್ರಿಪ್ ಮ್ಯಾಲ ವಾರಾನ ಇಲ್ಲ: 14 ತಿಂಗಳ ಬಳಸಿದ ಮ್ಯಾಲ

ಬ್ರ್ಯಾಂಡ್ ಬಿಟ್ಟು ಜೆನೆರಿಕ್ ಗರ್ಭನಿರೋಧಕ ಗುಳಗಿಗೆ ಬಂದು 14 ತಿಂಗಳಾತು. ಒಳಗಿನ ಹಾರ್ಮೋನು ಡ್ರೋಸ್ಪೈರೆನೋನ್ 3 ಎಂಜಿ, ಎಥಿನೈಲ್ ಎಸ್ಟ್ರಾಡಿಯೋಲ್ 0.03 ಎಂಜಿ, ಎರಡೂ ಗುಳಗಿ ಒಳಗ ಅದೇ. ಮೊದಲಿಂದಕ್ಕ ತಿಂಗಳಿಗೆ 500 ರೂಪಾಯಿ ಮ್ಯಾಲ ಹೋಗ್ತಿತ್ತು, ಈಗ 200ರ ಒಳಗ ಆಗ್ತೈತಿ. ಪುಣೆದಾಗ ಸಿಂಹಗಡ ರೋಡಿನ ಬಾಡಿಗಿ ಕೊಟ್ಟು ಊರಿಗೂ ರೊಕ್ಕ ಕಳಸಾಕಿ ನಾನು, ನನಗ ಆ 300 ರೂಪಾಯಿ ಸಣ್ಣದಲ್ಲ. ಡಾಕ್ಟರ್ ಬಿಪಿ ನೋಡಿ, ಸಿಗರೇಟ್, ಮೈಗ್ರೇನ್ ಎಲ್ಲಾ ಕೇಳಿ ಚೀಟ್ಯಾಗ ಬ್ರ್ಯಾಂಡ್ ಬದಲಿ ಸಾಲ್ಟ್ ಹೆಸರು, ಅಂದ್ರ ಒಳಗಿನ ಔಷಧದ ಹೆಸರು, ಬರದು ಕೊಟ್ರು.

ಮೈಗೇನೂ ಫರಕ್ ಆಗಿಲ್ಲ. ಮೊದಲನೇ ತಿಂಗಳ ನಡುವ ಎರಡು ದಿನ ಸ್ವಲ್ಪ ರಕ್ತದ ಕಲೆ ಕಾಣಿಸ್ತು, ಆಮ್ಯಾಲ ಇಲ್ಲ. ಮಾರಿ ಮ್ಯಾಲಿನ ಮೊಡವಿನೂ ಹೆಚ್ಚಾಗಿಲ್ಲ.

ನನ್ನ ಸಿಟ್ಟು ಇರೋದು ಸ್ಟ್ರಿಪ್ ಮ್ಯಾಲ. ಹಳೇದ್ರಾಗ ಪ್ರತಿ ಗುಳಗಿ ಹಿಂದ ವಾರ ಇತ್ತು, ಬಾಣದ ಗುರುತಿತ್ತು, ಇವತ್ತಿಂದು ತಗೊಂಡೆನೋ ಇಲ್ಲೋ ಅಂತ ಡೌಟ್ ಬಂದ್ರ ಒಂದ ಸಲ ನೋಡಿದ್ರ ಸಾಕಿತ್ತು. ಬುಧವಾರ ಶುರು ಮಾಡಿದ್ರ ಸ್ಟ್ರಿಪ್‌ನ ಕಡೀ ಗುಳಗಿ, 21ನೇದು, ಮಂಗಳವಾರ ಮುಗೀತೈತಿ, 7 ದಿನ ಗುಳಗಿ ಬಿಟ್ಟು ಹೊಸಾ ಸ್ಟ್ರಿಪ್ ಮತ್ತ ಬುಧವಾರಾನ. ಈ ಸ್ಟ್ರಿಪ್‌ನ್ಯಾಗ ಬರೀ ಬೆಳ್ಳಿ ಹಾಳಿ, ಏನೂ ಇಲ್ಲ.

ಯುಗಾದಿಗೆ ಧಾರವಾಡಕ್ಕ ಹೋಗಿದ್ದೆ, ಮನಿ ತುಂಬ ಮಂದಿ, ಲೆಕ್ಕ ತಪ್ಪಿತು, ಬುಧವಾರ ಶುರು ಮಾಡೋದನ್ನ ಶುಕ್ರವಾರ ಶುರು ಮಾಡೀನಿ, ಅಂದ್ರ 7ರ ಬದಲಿ 9 ದಿನ ಗ್ಯಾಪ್. ಡಾಕ್ಟರಿಗೆ ಫೋನ್ ಹಚ್ಚಿದ್ರ, ನಡುವ ಒಂದು ಗುಳಗಿ ಮರಿಯೋದಕ್ಕಿಂತ ಇದು ಕೆಟ್ಟ, ಗ್ಯಾಪ್ ಉದ್ದ ಆದ್ರ ಅಂಡಾಶಯ ಮತ್ತ ಎಚ್ಚರ ಆಗ್ತೈತಿ, 7 ದಿನ ಸತತ ಗುಳಗಿ ಹೊಟ್ಟಿಗೆ ಹೋಗೂ ತನಕ ಕಾಂಡೋಮ್ ಬೇಕ ಬೇಕು ಅಂದ್ರು. ಮುಂದಿನ ಸಲ ಮುಟ್ಟಾಗೂ ತನಕ ನನಗ ನಿದ್ದಿ ಹತ್ತಲಿಲ್ಲ. ಏಳು ವಾರದ ಹೆಸರು ಅಚ್ಚು ಹಾಕಾಕ ಆ ಕಂಪನಿಗೆ ಎಷ್ಟು ಖರ್ಚು ಬರ್ತಿತ್ತು?

ಅವತ್ತಿಂದ ಹೊಸಾ ಸ್ಟ್ರಿಪ್ ತಂದ ದಿನ ಕಟ್ಟಿ ಮ್ಯಾಲ ಇಟ್ಕೊಂಡು ಸಿಡಿ ಮಾರ್ಕರ್‌ಲೆ ಒಂದೊಂದರ ಹಿಂದ ಬು, ಗು, ಶು, ಶ ಅಂತ ಬರೀತೀನಿ. ಶು ಮತ್ತ ಶ ಒಂದ ಥರ ಕಾಣಸ್ತಾವ ಅಂತ ಶನಿವಾರಕ್ಕ ಸುತ್ತ ಒಂದು ಗೆರಿ. ಹಾಳಿ ಮ್ಯಾಲ ಮಸಿ ಲಗೂನ ಒಣಗಂಗಿಲ್ಲ, ಕೈ ತಾಗಿದ್ರ ಹರಡತೈತಿ, ಅದಕ್ಕ ಫ್ಯಾನಿನ ಕೆಳಗ ಹತ್ತು ನಿಮಿಷ ಇಡತೀನಿ, ಅಷ್ಟರಾಗ ಚಹಾ ಆಗ್ತೈತಿ. ನನ್ನ ಗಂಡ ಮರಾಠಿಯಂವ, ಕನ್ನಡದ ಒಂದಕ್ಷರ ಬರ್ತಿರಲಿಲ್ಲ. ಈಗ ರಾತ್ರಿ ಒಂಬತ್ತೂವರಿ ಅಲಾರಾಂ ಹೊಡದ್ರ ನೀರು ತಂದು ಕೊಟ್ಟು "ಆಜ್ ಗು" ಅಂತ ತಾನ ಓದಿ ಹೇಳ್ತಾನ. ಬ್ರ್ಯಾಂಡ್ ಗುಳಗಿ ತಗೊಳ್ಳುವಾಗ ಯಾವ ದಿನ ತಗೋತೀನಿ ಅನ್ನೋದ ಅಂವಗ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ.

ಹೊಸದಾಗಿ ಬದಲಿ ಮಾಡಾವ್ರು ಅಂಗಡ್ಯಾಗ ರೊಕ್ಕ ಕೊಡೋಕಿಂತ ಮೊದಲ ಸ್ಟ್ರಿಪ್ ತಿರುವಿ ಹಿಂಬದಿ ನೋಡ್ರಿ. ಔಷಧಕ್ಕ ನನ್ನ ಕಡಿಂದ ಪೂರ್ತಿ ಮಾರ್ಕು. 5ಕ್ಕ 4 ಸ್ಟಾರ್ ಕೊಟ್ಟೀನಿ, ಕಡಿಮಿ ಆದ ಒಂದು ಆ ಯುಗಾದಿಯ 9 ದಿನಕ್ಕ.